ನಮಗೆ ಕಾಣದ ಕೆಂಪು ದೀಪ

ವಾಹನದ ಮುಂದಿನ ದೀಪ ನಮಗಾಗಿ ಇದೆ, ಹಿಂದಿನ ದೀಪ ಇತರರಿಗಾಗಿ ಇದೆ. ಹೆಡ್‌ಲೈಟ್ ಕೆಟ್ಟರೆ ದಾರಿ ಕಾಣುವುದಿಲ್ಲವಾದ್ದರಿಂದ ಮರುದಿನವೇ ಮೆಕ್ಯಾನಿಕ್ ಬಳಿ ಓಡುತ್ತೇವೆ. ಬ್ರೇಕ್ ಲೈಟ್ ಕೆಟ್ಟು ತಿಂಗಳು ಕಳೆದರೂ ಓಡಿಸುವವರಿಗೆ ಅದರ ಸುಳಿವೇ ಇರುವುದಿಲ್ಲ. ಬ್ರೇಕ್ ತುಳಿದಾಗ ವಾಹನ ನಿಲ್ಲುತ್ತದೆ, ಅಷ್ಟು ಸಾಕು ಎಂದುಕೊಳ್ಳುತ್ತೇವೆ. ಆದರೆ ನಾವು ನಿಲ್ಲುತ್ತಿದ್ದೇವೆಂದು ಹಿಂದೆ ಬರುವವನಿಗೆ ತಿಳಿಯಿತೇ?

ನಮ್ಮ ನಿಡಗುಂದಿಯಂತಹ ಊರಿನಲ್ಲಿ ಈ ಪ್ರಶ್ನೆ ಸಣ್ಣದಲ್ಲ. ವಿಜಯಪುರದಿಂದ ಹುನಗುಂದ, ಇಳಕಲ್, ಹೊಸಪೇಟೆ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 50 ಇಲ್ಲಿಂದಲೇ ಹಾದುಹೋಗುತ್ತದೆ. ಇದನ್ನು ಹಿಂದೆ ನಾವೆಲ್ಲ ಹೆದ್ದಾರಿ 13 ಎನ್ನುತ್ತಿದ್ದೆವು. ಈಗ ಅದು ನಾಲ್ಕು ಪಥದ ರಸ್ತೆ. ಕಾರು, ಲಾರಿಗಳು ವೇಗವಾಗಿ ಬರುತ್ತವೆ. ಅದೇ ರಸ್ತೆಯಲ್ಲಿ ಶಾಲೆಗೆ ಮಕ್ಕಳನ್ನು ಬಿಡುವ ಸ್ಕೂಟರ್, ಸಂತೆಗೆ ಹೊರಟ ಆಟೋ, ಆಲಮಟ್ಟಿ ನೋಡಲು ಬಂದವರ ಕ್ರೂಸರ್ ಕೂಡ ಇರುತ್ತವೆ. ಕೃಷ್ಣೆಯ ನೀರು ಬಂದ ಮೇಲೆ ಕಬ್ಬು ಹೆಚ್ಚಿತು. ಕಬ್ಬು ಕಡಿಯುವ ಕಾಲದಲ್ಲಿ ಟ್ರ್ಯಾಕ್ಟರ್‌ಗಳು ಎರಡೆರಡು ಟ್ರೈಲರ್ ಕಟ್ಟಿಕೊಂಡು ರಾತ್ರಿಯಿಡೀ ಸಾಗುತ್ತವೆ.

ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದಲ್ಲಿ 4,61,312 ರಸ್ತೆ ಅಪಘಾತಗಳಾಗಿ 1,68,491 ಜನರು ಮೃತಪಟ್ಟರು. ಅಪಘಾತಗಳ ಬಗೆಗಳಲ್ಲಿ ಅತಿ ದೊಡ್ಡ ಪಾಲು ಹಿಂದಿನಿಂದ ಬಂದು ಗುದ್ದುವುದರದ್ದು. ಸುಮಾರು ಐದರಲ್ಲಿ ಒಂದು ಅಪಘಾತ ಹೀಗೆಯೇ ನಡೆದಿದೆ.

ಬ್ರೇಕ್ ಲೈಟ್ ಕೆಲಸ ಮಾಡುವ ರೀತಿ ಬಹಳ ಸರಳ. ಪೆಡಲ್ ಬಳಿ ಒಂದು ಸಣ್ಣ ಸ್ವಿಚ್ ಇರುತ್ತದೆ. ಕಾಲಿಟ್ಟ ಕೂಡಲೇ ಹಿಂದೆ ದೀಪ ಉರಿಯುತ್ತದೆ. ಹಳೆಯ ವಾಹನಗಳಲ್ಲಿ ಸಾಮಾನ್ಯವಾಗಿ ಒಂದೇ ಬಲ್ಬಿನೊಳಗೆ ಎರಡು ತಂತಿಗಳಿರುತ್ತವೆ. 5 ವ್ಯಾಟ್‌ನದ್ದು ರಾತ್ರಿ ಮಂದವಾಗಿ ಉರಿಯಲು, 21 ವ್ಯಾಟ್‌ನದ್ದು ಬ್ರೇಕ್ ಹಾಕಿದಾಗ ಪ್ರಖರವಾಗಿ ಉರಿಯಲು. ಮೋಸವಾಗುವುದು ಇಲ್ಲಿಯೇ. ದೊಡ್ಡ ತಂತಿ ಸುಟ್ಟುಹೋದರೂ ಸಣ್ಣದು ಉರಿಯುತ್ತಲೇ ಇರುತ್ತದೆ. "ಹಿಂದಿನ ಲೈಟ್ ಸರಿಯಾಗಿದೆ" ಎಂದು ನಾವು ನಂಬುತ್ತೇವೆ. ಸ್ವಿಚ್ ಅಂಟಿಕೊಂಡು ಬ್ರೇಕ್ ಲೈಟ್ ಸದಾ ಉರಿಯುವುದೂ ಅಷ್ಟೇ ಅಪಾಯಕಾರಿ. ಯಾವಾಗಲೂ ಕೂಗುವವನ ಕೂಗಿಗೆ ಯಾರು ತಿರುಗಿ ನೋಡುತ್ತಾರೆ?

ಈ ದೀಪವನ್ನು ಸುಧಾರಿಸುವ ಪ್ರಯತ್ನಗಳು ಜಗತ್ತಿನಲ್ಲಿ ಹಲವು ನಡೆದಿವೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ವೊವೊಡ್ಸ್ಕಿ ಎಂಬವರು 1970ರ ದಶಕದಲ್ಲಿ ಸ್ಯಾನ್‌ಫ್ರಾನ್ಸಿಸ್ಕೋ ನಗರದ 343 ಟ್ಯಾಕ್ಸಿಗಳ ಹಿಂಭಾಗದ ನಡುವೆ ಇನ್ನೊಂದು ದೀಪ ಹಾಕಿಸಿದರು. ಬೇರೆ ಟ್ಯಾಕ್ಸಿಗಳಿಗೆ ಹೋಲಿಸಿದರೆ ಇವುಗಳಿಗೆ ಹಿಂದಿನಿಂದ ಗುದ್ದುವ ಪ್ರಕರಣ ಶೇ. 60ರಷ್ಟು ಕಡಿಮೆಯಾಯಿತು. 1986ರ ಮಾದರಿಯ ಕಾರುಗಳಿಂದ ಅಮೆರಿಕದಲ್ಲಿ ಮೂರನೆಯ ಬ್ರೇಕ್ ಲೈಟ್ ಕಡ್ಡಾಯವಾಯಿತು. ಎಲ್ಲ ಕಾರುಗಳಿಗೂ ಅದು ಬಂದು ಕಣ್ಣಿಗೆ ರೂಢಿಯಾದ ಮೇಲೆ ಲಾಭ ಶೇ. 4ರ ಆಸುಪಾಸಿಗೆ ಇಳಿಯಿತು. ಹಾಗೆಂದು ಅದು ವ್ಯರ್ಥವಲ್ಲ. ಅಷ್ಟು ಅಗ್ಗದ ದೀಪ ನೂರರಲ್ಲಿ ನಾಲ್ಕು ಡಿಕ್ಕಿಗಳನ್ನು ತಪ್ಪಿಸುವುದೆಂದರೆ ಎಷ್ಟೋ ಮನೆಗಳ ಕಣ್ಣೀರು ತಪ್ಪಿದಂತೆ. ನಮ್ಮಲ್ಲೂ ಈಗ ಎಷ್ಟೋ ಕಾರುಗಳ ಹಿಂದಿನ ಗಾಜಿನ ಬಳಿ ಈ ದೀಪವಿದೆ.

ಎರಡನೆಯ ಸುಧಾರಣೆ ಎಲ್‌ಇಡಿ. ಹಳೆಯ ಬಲ್ಬಿನ ತಂತಿ ಕಾದು ಪೂರ್ತಿ ಬೆಳಗಲು ಸುಮಾರು 0.2 ಸೆಕೆಂಡು ಬೇಕು. ಎಲ್‌ಇಡಿ ತಕ್ಷಣವೇ ಬೆಳಗುತ್ತದೆ. "ಅಷ್ಟರಲ್ಲಿ ಏನಾಗುತ್ತದೆ?" ಎಂದು ಕೇಳಬೇಡಿ, ಮಕ್ಕಳಿಗೆ ಲೆಕ್ಕ ಮಾಡಲು ಹೇಳಿ. ಗಂಟೆಗೆ 80 ಕಿಲೋಮೀಟರ್ ಎಂದರೆ ಸೆಕೆಂಡಿಗೆ 22 ಮೀಟರ್. 0.2 ಸೆಕೆಂಡಿನಲ್ಲಿ ನಾಲ್ಕು ಮೀಟರ್‌ಗಿಂತ ಹೆಚ್ಚು, ಅಂದರೆ ಒಂದು ಸಣ್ಣ ಕಾರಿನ ಉದ್ದದಷ್ಟು ದೂರ. ಇನ್ನು ಕೆಲವು ಹೊಸ ಕಾರುಗಳಲ್ಲಿ ವೇಗವಾಗಿ ಹೋಗುವಾಗ ಜೋರಾಗಿ ಬ್ರೇಕ್ ಹಾಕಿದರೆ ದೀಪ ತಾನಾಗಿಯೇ ಪಟಪಟನೆ ಮಿನುಗಿ, ಇದು ಮಾಮೂಲಿ ಬ್ರೇಕ್ ಅಲ್ಲ ಎಂದು ಎಚ್ಚರಿಸುತ್ತದೆ. ಆದರೆ ಇದನ್ನು ನೋಡಿ ನಮ್ಮ ಹುಡುಗರು ಅಂಗಡಿಯಿಂದ ಬಣ್ಣಬಣ್ಣದ ಮಿನುಗು ದೀಪ ತಂದು ಬೈಕಿಗೆ ಕಟ್ಟುವುದು ಬೇರೆಯೇ ವಿಷಯ. ಅದರಿಂದ ಹಿಂದಿನವನಿಗೆ ಗೊಂದಲವೇ ಹೊರತು ಸೂಚನೆ ಸಿಗುವುದಿಲ್ಲ. ಕೆಂಪು ಗಾಜಿನ ಮೇಲೆ ಕಪ್ಪು ಹೊದಿಕೆ ಅಂಟಿಸುವ ಫ್ಯಾಷನ್ ಅಂತೂ ದೀಪವನ್ನೇ ಆರಿಸಿದಂತೆ.

ನಮ್ಮ ಭಾಗದಲ್ಲಿ ಇದಕ್ಕಿಂತ ಮೊದಲು ಆಗಬೇಕಾದ ಕೆಲಸ ಇನ್ನೊಂದಿದೆ. ಟ್ರ್ಯಾಕ್ಟರ್‌ನ ಹಿಂದಿನ ದೀಪ ಟ್ರೈಲರ್‌ನ ಮರೆಯಲ್ಲಿ ಹೋಗುತ್ತದೆ. ಟ್ರೈಲರ್‌ಗೆ ದೀಪವೇ ಇರುವುದಿಲ್ಲ, ಇದ್ದರೂ ವೈರ್ ಜೋಡಿಸಿರುವುದಿಲ್ಲ, ಜೋಡಿಸಿದ್ದರೂ ಜೋತುಬಿದ್ದ ಕಬ್ಬು ಅದನ್ನು ಮುಚ್ಚಿರುತ್ತದೆ. ಅದು ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದೆ, ಹಿಂದಿನ ಕಾರು 80ರಲ್ಲಿ ಬರುತ್ತಿದೆ ಎಂದುಕೊಳ್ಳಿ. ಕಾರಿನ ತಗ್ಗಿಸಿದ ಬೆಳಕಿಗೆ 50 ಮೀಟರ್ ದೂರದಲ್ಲಿ ಟ್ರೈಲರ್ ಕಂಡರೆ ಉಳಿಯುವುದು ಮೂರೇ ಸೆಕೆಂಡು. ಕಂಡದ್ದೇನೆಂದು ಅರಿತು ಕಾಲು ಬ್ರೇಕಿಗೆ ಬರುವಷ್ಟರಲ್ಲಿ ಅದರ ಅರ್ಧ ಮುಗಿದಿರುತ್ತದೆ. ಟ್ರೈಲರ್ ಹಿಂದೆ ಕೆಂಪು ರಿಫ್ಲೆಕ್ಟರ್ ಇರಬೇಕೆಂದು ನಿಯಮವಿದೆ. ಸೀಸನ್ ಆರಂಭದಲ್ಲಿ ಪೊಲೀಸರು ಅಲ್ಲಲ್ಲಿ ತಾವೇ ನಿಂತು ರಿಫ್ಲೆಕ್ಟರ್ ಅಂಟಿಸುವುದೂ ಉಂಟು. ಆದರೆ ಅದರ ಮೇಲೆ ಎರೆಮಣ್ಣು ಮೆತ್ತಿಕೊಂಡರೆ ಅದೂ ಹೊಳೆಯುವುದಿಲ್ಲ. ಒಂದು ಒದ್ದೆ ಬಟ್ಟೆಯಿಂದ ಒರೆಸಲು ಎಷ್ಟು ಹೊತ್ತು ಬೇಕು?

ಸಹೋದರಿಯರೇ, ಇದೆಲ್ಲ ಗಂಡಸರ ವಿಷಯ ಎಂದು ಪುಟ ತಿರುವಬೇಡಿ. ಬ್ರೇಕ್ ತುಳಿಯುವವನು ತನ್ನ ಬ್ರೇಕ್ ಲೈಟನ್ನು ತಾನೇ ನೋಡಲಾರ. ಹಿಂದೆ ನಿಂತು ನೋಡಲು ಮತ್ತೊಬ್ಬರು ಬೇಕು. ಆ ಮತ್ತೊಬ್ಬರು ನೀವಾಗಬಹುದು. ವಾರಕ್ಕೊಮ್ಮೆ, ಮನೆಯವರು ಹೊರಡುವಾಗ ವಾಹನದ ಹಿಂದೆ ನಿಂತು "ಬ್ರೇಕ್ ಹಿಡಿಯಿರಿ" ಎನ್ನಿ. ಸ್ಕೂಟರ್ ಆದರೆ ಎರಡೂ ಬ್ರೇಕ್‌ಗಳನ್ನು ಬೇರೆಬೇರೆಯಾಗಿ ಹಿಡಿಯಲು ಹೇಳಿ, ಏಕೆಂದರೆ ಎರಡಕ್ಕೂ ಬೇರೆ ಸ್ವಿಚ್ ಇರುತ್ತದೆ. ಕಾರಾದರೆ ಎಡ, ಬಲ, ನಡುವೆ ಮೂರನ್ನೂ ನೋಡಿ. ಈ ಕೆಲಸವನ್ನು ಮಕ್ಕಳಿಗೆ ವಹಿಸಿದರೆ ಅವರು ಸಂತೋಷದಿಂದ ಮಾಡುತ್ತಾರೆ. ಆದರೆ ಎಂಜಿನ್ ಆಫ್ ಮಾಡಿ ಕೀಲಿ ಮಾತ್ರ ತಿರುಗಿಸಿರಲಿ, ಕಾರು ಗೇರಿನಲ್ಲಿ ಇರದಿರಲಿ, ನೋಡುವವರು ವಾಹನಕ್ಕೆ ತೀರಾ ಹತ್ತಿರ ನಿಲ್ಲದಿರಲಿ.

ಸ್ಕೂಟರ್ ಹಿಂದೆ ಕೂರುವಾಗ ಬುರ್ಖಾ, ದುಪಟ್ಟಾ, ಸೆರಗು ಹಿಂದಕ್ಕೆ ಇಳಿಬಿದ್ದು ದೀಪವನ್ನು ಮುಚ್ಚದಂತೆ ಒಟ್ಟುಮಾಡಿಕೊಳ್ಳಿ. ಅದು ಚಕ್ರಕ್ಕೆ ಸಿಕ್ಕುವ ಅಪಾಯವೂ ಇದರಿಂದ ತಪ್ಪುತ್ತದೆ. ತರಕಾರಿ ಚೀಲವನ್ನು ಹಿಂದಿನ ದೀಪದ ಮೇಲೆ ನೇತುಹಾಕಬೇಡಿ. ಮದುವೆಗೆ ಹೊರಟಾಗ ಕಾರಿನ ಹಿಂದಿನ ಗಾಜಿಗೆ ಒರಗಿಸಿ ಗಂಟುಮೂಟೆ ಪೇರಿಸಿದರೆ, ಅಥವಾ ಪ್ರೀತಿಯಿಂದ ದೊಡ್ಡ ಸ್ಟಿಕರ್ ಅಂಟಿಸಿದರೆ, ಒಳಗಿರುವ ಮೂರನೆಯ ಬ್ರೇಕ್ ಲೈಟ್ ಕಾಣದಂತಾಗಬಹುದು. ಅದನ್ನೂ ಗಮನಿಸಿ.

ದೀಪ ಎಷ್ಟು ಉತ್ತಮವಾದರೂ ಹಿಂದಿನವನು ಅಂಟಿಕೊಂಡೇ ಬಂದರೆ ಪ್ರಯೋಜನವಿಲ್ಲ. ಮುಂದಿನ ವಾಹನ ಒಂದು ಕಂಬವನ್ನು ದಾಟಿದ ಮೇಲೆ ನಾವು ಅದೇ ಕಂಬ ತಲುಪಲು ಕನಿಷ್ಠ ಮೂರು ಸೆಕೆಂಡು ಹಿಡಿಯಬೇಕು. ಮಳೆಯಲ್ಲಿ, ರಾತ್ರಿಯಲ್ಲಿ ಇನ್ನೂ ಹೆಚ್ಚು. ಪಕ್ಕದಲ್ಲಿ ಕುಳಿತವರು ಮೆಲ್ಲಗೆ ಎಣಿಸಿ ಹೇಳಬಹುದು.

ದಾರಿಯಿಂದ ತೊಂದರೆಯನ್ನು ಸರಿಸುವುದೂ ಒಂದು ಸದಕಾ ಎಂದು ಪ್ರವಾದಿವರ್ಯರು(ಸ) ಕಲಿಸಿದ್ದನ್ನು ಮಕ್ಕಳಿಗೆ ಹೇಳಿಕೊಡುತ್ತೇವೆ. ಮುಳ್ಳು, ಕಲ್ಲುಗಳ ಉದಾಹರಣೆ ಕೊಡುತ್ತೇವೆ. ಕತ್ತಲೆ ರಸ್ತೆಯಲ್ಲಿ ದೀಪವಿಲ್ಲದೆ ಸಾಗುವ ವಾಹನವೂ ದಾರಿಯ ಮುಳ್ಳೇ ಅಲ್ಲವೇ? ಆ ಮುಳ್ಳನ್ನು ತೆಗೆಯಲು ಹೆಚ್ಚಿನ ಸಲ ಒಂದು ಸಣ್ಣ ಬಲ್ಬು ಮತ್ತು ಹಿಂದೆ ನಿಂತು ನೋಡುವ ಎರಡು ಕಣ್ಣುಗಳು ಸಾಕು. ನಾಳೆ ಬೆಳಿಗ್ಗೆ ಮನೆಯವರು ಹೊರಡುವ ಮುನ್ನ ಒಮ್ಮೆ ನೋಡಿಬಿಡಿ.