ಭೋಜನವೇಳೆಯ ಸ್ತುತಿ

ಜರ್ಮನಿಯ ಸ್ಯಾಕ್ಸನಿ ಪ್ರಾಂತದಲ್ಲಿ, ಲೈಪ್ಜಿಗ್ ನಗರಕ್ಕೆ ಅನತಿದೂರದಲ್ಲಿ, ಮುಲ್ದೆ ನದಿಯ ದಡದ ಮೇಲೆ ಐಲೆನ್‌ಬುರ್ಗ್ ಎಂಬ ಸಣ್ಣ ಪಟ್ಟಣವೊಂದುಂಟು. 1618ರಲ್ಲಿ ಮೊದಲ್ಗೊಂಡು ಮೂವತ್ತು ವರ್ಷಗಳ ಕಾಲ ಮಧ್ಯಯೂರೋಪನ್ನು ಸುಟ್ಟು ಸೂರೆಗೊಂಡ ಮಹಾಯುದ್ಧದಲ್ಲಿ, ಊರ ಸುತ್ತ ಕೋಟೆಗೋಡೆ ಇದ್ದಿತೆಂಬ ಒಂದೇ ಭರವಸೆಯಿಂದ ಹಳ್ಳಿಗಾಡಿನ ನಿರಾಶ್ರಿತರು ತಂಡತಂಡವಾಗಿ ಬಂದು ಆ ಪಟ್ಟಣವನ್ನು ಹೊಕ್ಕರು. ಅವರ ಬೆನ್ನಿಗೇ ಮಹಾಮಾರಿಯೂ ಹೊಕ್ಕಿತು. 1637ರಲ್ಲಿ ಅಲ್ಲಿ ಸತ್ತವರು ಸುಮಾರು 8,000 ಮಂದಿ. ಹಿರಿಯ ಧರ್ಮಾಧಿಕಾರಿಯು ಹವೆ ಬದಲಾಯಿಸಿ ಬರುವೆನೆಂದು ಹೊರಟವನು ಎಷ್ಟು ಕರೆದರೂ ಹಿಂದಿರುಗಲಿಲ್ಲ. ಪಟ್ಟಣದ ಇತರ ಪಾದ್ರಿಗಳಲ್ಲಿ ಇಬ್ಬರನ್ನು ಒಂದೇ ದಿನ ಮಣ್ಣುಮಾಡಬೇಕಾಯಿತು. ಕಡೆಗೆ ಕೆಲವು ಕಾಲ ಇಡೀ ಊರಿಗೆ ಉಳಿದ ಪಾದ್ರಿ ಮಾರ್ಟಿನ್ ರಿಂಕಾರ್ಟ್ ಎಂಬಾತನೊಬ್ಬನೇ. ಪೀಪಾಯಿ ಕಟ್ಟುವವನ ಮಗನಾಗಿ 1586ರಲ್ಲಿ ಅದೇ ಊರಿನಲ್ಲಿ ಹುಟ್ಟಿ, ಲೈಪ್ಜಿಗ್ಗಿನ ಸಂತ ತೋಮನ ಶಾಲೆಯ ಗಾಯಕವೃಂದದಲ್ಲಿ ಬೆಳೆದು, 1617ರಲ್ಲಿ ತನ್ನ ಊರಿಗೇ ಪಾದ್ರಿಯಾಗಿ ಮರಳಿದ್ದ ಈತನು, ದಿನವೊಂದಕ್ಕೆ ನಲವತ್ತು ಐವತ್ತು ಶವಗಳ ಮುಂದೆ ನಿಂತು ಅಂತ್ಯವಿಧಿಯನ್ನು ಓದಿದನು. ಹಾಗೆ ಆತನು ಮಣ್ಣಿಗಿತ್ತವರ ಸಂಖ್ಯೆ ಸುಮಾರು 4,480. ಆತನ ಹೆಂಡತಿಯು ಆ ವರ್ಷದ ಮೇ ತಿಂಗಳಿನಲ್ಲಿಯೇ ಕಣ್ಮುಚ್ಚಿದ್ದಳು.

ಇಂಥವನ ಹೆಸರನ್ನು ಲೋಕವು ನೆನೆಯುವುದಾದರೆ ಯಾವುದಾದರೊಂದು ವಿಲಾಪಗೀತೆಯ ಮೂಲಕ ನೆನೆಯಬೇಕಾಗಿದ್ದಿತು. ನಡೆದುದು ಹಾಗಲ್ಲ. ಹಬ್ಬದಲ್ಲಿಯೂ ಸುಗ್ಗಿಯಲ್ಲಿಯೂ ಮದುವೆಯಲ್ಲಿಯೂ ಪ್ರಾಟೆಸ್ಟೆಂಟ್ ಸಭೆಗಳು ಎದ್ದುನಿಂತು ಹಾಡುವ, ಸಂಗೀತಗಾರ ಕ್ರ್ಯೂಗರ್ 1647ರಲ್ಲಿ ರಾಗಸಮೇತ ಅಚ್ಚುಹಾಕಿಸಿದ, ಬಾಖ್ ತನ್ನ ಕೃತಿಗಳಲ್ಲಿ ಹೆಣೆದುಕೊಂಡ, ಮೆಂಡಲ್‌ಸ್ಸೋನ್ 1840ರಲ್ಲಿ ತನ್ನ ಸ್ತುತಿಪ್ರಬಂಧದೊಳಕ್ಕೆ ತಂದ ಕೃತಜ್ಞತಾಸ್ತುತಿಯೊಂದರ ಕರ್ತೃವೆಂದೇ ರಿಂಕಾರ್ಟ್ ಪ್ರಸಿದ್ಧನು. ಈ ವೈಚಿತ್ರ್ಯವನ್ನು ಕಂಡ ಉಪದೇಶಕರು ಅದರ ಸುತ್ತ ಒಂದು ಕಥೆಯನ್ನು ಬೆಳೆಸಿದ್ದಾರೆ: ಸಾವಿರಾರು ಜನರನ್ನು ಹೂಳಿ, ಹೆಂಡತಿಯನ್ನೂ ಹೂಳಿ, ಮನೆಗೆ ಬಂದು, ಬರಿದಾದ ಕೋಣೆಯಲ್ಲಿ ಕುಳಿತು ಆತನು ಈ ಸ್ತುತಿಯನ್ನು ಬರೆದನೆಂದು. ಕೇಳುವವರ ಕಣ್ಣು ಒದ್ದೆಯಾಗುತ್ತದೆ. ಆದರೆ ಕಾಲಗಣನೆಯು ಈ ಕಥೆಗೆ ಅನುಕೂಲವಾಗಿಲ್ಲ. ಆ ಪದ್ಯಗಳಿದ್ದ ಪ್ರಾರ್ಥನಾಪುಸ್ತಕವು 1636ರಲ್ಲಿಯೇ, ಎಂದರೆ ಮಹಾಮಾರಿಗೆ ಒಂದು ವರ್ಷ ಮೊದಲೇ, ಪ್ರಕಟವಾಗಿದ್ದಿತೆಂದು ಬಲ್ಲವರು ಹೇಳುತ್ತಾರೆ. ಆ ಪುಸ್ತಕದಲ್ಲಿ ಅದಕ್ಕೆ ಕೊಟ್ಟಿದ್ದ ಸ್ಥಾನವಾದರೂ ಯಾವುದು? ಮನೆಮಂದಿ ಊಟಕ್ಕೆ ಕೂಡಿದಾಗ ಹೇಳಿಕೊಳ್ಳುವ ಪುಟ್ಟ ಪ್ರಾರ್ಥನೆಯ ಸ್ಥಾನ.

ಕಥೆಯು ಕುಸಿದುದರಿಂದ ಉಪದೇಶಕರಿಗೆ ಕೊಂಚ ನಿರಾಶೆಯಾದೀತು. ನನಗಾದರೋ ದಂತಕಥೆಗಿಂತ ಈ ಸಂಗತಿಯೇ ಹೆಚ್ಚಿನದಾಗಿ ತೋರುತ್ತದೆ. ದುಃಖದ ಪರಮಾವಧಿಯಲ್ಲಿ ಮಹಾತ್ಮನೊಬ್ಬನ ಎದೆಯಿಂದ ಮಿಂಚಿನಂತೆ ಚಿಮ್ಮಿದ ಸಂತೋಷವೆಂದರೆ ಅದು ಮಹಾತ್ಮರಿಗೆ ಮಾತ್ರ ಸಾಧ್ಯವಾದದ್ದೆಂದು ನಾವು ಕೈಮುಗಿದು ಸುಮ್ಮನಾಗಬಹುದು. ಹಾಗಲ್ಲದೆ, ಯುದ್ಧವು ಹದಿನೆಂಟು ವರ್ಷಗಳಿಂದ ನಡೆಯುತ್ತಿದ್ದರೂ ಇನ್ನೂ ರೊಟ್ಟಿಯು ಮೇಜಿನ ಮೇಲೆ ಬರುತ್ತಿದ್ದ ಸಾಮಾನ್ಯ ದಿನಗಳಲ್ಲಿ, ಮಕ್ಕಳ ಗಲಾಟೆಯ ನಡುವೆ, ಪ್ರತಿದಿನವೂ ಬಾಯಲ್ಲಿ ಬಂದು ಬಂದು ಸವೆದು ನಾಲಗೆಗೆ ಒಗ್ಗಿದ ಕೃತಜ್ಞತೆಯೇ ಮರುವರ್ಷದ ಮಹಾಮೃತ್ಯುವಿನ ಎದುರು ಆ ಮನುಷ್ಯನನ್ನು ಕಾಲಮೇಲೆ ನಿಲ್ಲಿಸಿತೆಂದರೆ, ಅದು ನಮ್ಮ ನಿಮ್ಮಂಥವರ ಅಳವಿಗೂ ಎಟುಕುವ ಮಾತಾಯಿತು. ಕಷ್ಟಕಾಲದಲ್ಲಿ ಶಾಶ್ವತವಾದ ಆನಂದವನ್ನು ಧರ್ಮಶ್ರದ್ಧೆಯಿಂದ ಪಡೆಯುವುದು ಹೇಗೆಂದು ಕೇಳುವವರು ಸಾಮಾನ್ಯವಾಗಿ ಆ ಪ್ರಶ್ನೆಯನ್ನು ಎತ್ತುವುದು ಕಷ್ಟವು ಬಂದಮೇಲೆಯೇ. ಮನೆ ಹತ್ತಿ ಉರಿಯುವಾಗ ಬಾವಿ ತೋಡಿದಂತೆ. ಕ್ರೈಸ್ತಸಂಪ್ರದಾಯದ ಉತ್ತರವನ್ನು ನಾನು ಅರ್ಥಮಾಡಿಕೊಂಡಿರುವ ಮಟ್ಟಿಗೆ, ಆ ಆನಂದವು ಒಂದು ಭಾವೋದ್ರೇಕವಲ್ಲ, ಅಭ್ಯಾಸ. ಅದನ್ನು ಕಲಿಯತಕ್ಕ ಕಾಲವು ಒಲೆಯ ಮೇಲೆ ಅನ್ನ ಬೇಯುತ್ತಿರುವ ಕಾಲವೇ.

ಇದನ್ನು ಒತ್ತಿ ಹೇಳಲು ಕಾರಣವಿಲ್ಲದಿಲ್ಲ. ಈಚಿನ ದಿನಗಳಲ್ಲಿ ನಮ್ಮ ನಗರಗಳ ಗೋಡೆಗಳ ಮೇಲೂ, ದೂರದರ್ಶನದ ವಾಹಿನಿಗಳಲ್ಲಿಯೂ, ಉಜ್ಜೀವನ ಕೂಟಗಳ ವೇದಿಕೆಗಳ ಮೇಲೂ ಬೇರೊಂದು ಬಗೆಯ ಆನಂದವು ವಿತರಣೆಯಾಗುತ್ತಿದೆ. ನಂಬಿದರೆ ರೋಗವು ಹೋಗುತ್ತದೆ, ಸಾಲವು ತೀರುತ್ತದೆ, ವೀಸಾ ದೊರೆಯುತ್ತದೆ. ಹೋಗದಿದ್ದರೆ, ತೀರದಿದ್ದರೆ, ದೊರೆಯದಿದ್ದರೆ ನಂಬಿಕೆಯಲ್ಲಿ ಕೊರತೆಯುಂಟು. ಈ ತರ್ಕದ ಕ್ರೌರ್ಯವು ಪೂರ್ಣವಾಗಿ ಕಾಣಿಸಿಕೊಳ್ಳುವುದು ಸಾವಿನ ಮನೆಯಲ್ಲಿ. ಎಳೆಯ ಮಗುವನ್ನು ಕಳೆದುಕೊಂಡ ತಾಯಿಗೆ, ಮಗುವು ಕರ್ತನ ಬಳಿಗೆ ಹೋಗಿದೆ, ವಿಶ್ವಾಸಿಯಾದವಳು ಅಳಬಾರದು, ಸ್ತೋತ್ರ ಹೇಳು ಎಂದು ಬುದ್ಧಿ ಹೇಳುವವರನ್ನು ಕೇಳದವರು ಯಾರು? ಸದುದ್ದೇಶದಿಂದಲೇ ಹೇಳುತ್ತಾರೆ, ಸರಿ. ಆದರೆ ಪುತ್ರಶೋಕದ ಭಾರದ ಮೇಲೆ ಆನಂದವಾಗಿರಬೇಕೆಂಬ ಇನ್ನೊಂದು ಭಾರವನ್ನು ಹೇರುವ ಹಕ್ಕನ್ನು ಅವರಿಗೆ ಕೊಟ್ಟವರು ಯಾರೆಂಬುದು ನನಗೆ ತಿಳಿಯದು. ಬೈಬಲ್ಲಂತೂ ಕೊಟ್ಟಿಲ್ಲ. ಲಾಜರನನ್ನು ಇನ್ನೊಂದು ಗಳಿಗೆಯಲ್ಲಿ ಎಬ್ಬಿಸಲಿದ್ದ ಯೇಸುವೇ ಅವನ ಸಮಾಧಿಯ ಬಳಿ ಅತ್ತನೆಂದು ಯೋಹಾನನ ಸುವಾರ್ತೆಯು ಹೇಳುತ್ತದೆ. ಕೀರ್ತನೆಗಳ ಗ್ರಂಥದಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಗೋಳಿನ ಹಾಡುಗಳೇ.

ಇಲ್ಲಿ ನಮ್ಮ ದೇಶದ ಓದುಗರಿಗೆ ಒಂದು ಭೇದವನ್ನು ಸೂಚಿಸಬೇಕು. ಸುಖದುಃಖಗಳೆರಡರಿಂದಲೂ ಕದಲದ ಸ್ಥಿತಪ್ರಜ್ಞನ ಆದರ್ಶದಲ್ಲಿ ಬೆಳೆದ ನಮಗೆ, ಶಾಶ್ವತವಾದ ಆನಂದವೆಂದೊಡನೆ ಅಲೆಯಿಲ್ಲದ ಸಮುದ್ರವೇ ಮನಸ್ಸಿಗೆ ಬರುವುದು ಸಹಜ. ಆ ಆದರ್ಶದ ಔನ್ನತ್ಯವನ್ನು ಯಾರೂ ಅಲ್ಲಗಳೆಯಲಾರರು. ಕ್ರೈಸ್ತರು ಹೇಳುವ ಆನಂದದ ಮೈಕಟ್ಟು ಮಾತ್ರ ಬೇರೆ. ಅದು ಕದಲುತ್ತದೆ, ಅಳುತ್ತದೆ, ಕೆಲವೊಮ್ಮೆ ದೇವರನ್ನು ದೂರುವುದೂ ಉಂಟು. ದೂರುತ್ತಲೇ ಆತನ ಕೈಯನ್ನು ಬಿಡದಿರುವುದು ಅದರ ಸ್ವಭಾವ. ಅಪೊಸ್ತಲನಾದ ಪೌಲನು ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯನ್ನು ಓದಿದವರಿಗೆ ಈ ಮಾತು ಹೊಸದಲ್ಲ. ಮೆಕೆದೋನ್ಯದ ಆ ನಗರದಲ್ಲಿ ಹಿಂದೊಮ್ಮೆ ಪೌಲನೂ ಸೀಲನೂ ಛಡಿಯೇಟು ತಿಂದು, ಕಾಲಿಗೆ ಕೋಳ ತೊಡಿಸಿಕೊಂಡು, ಸೆರೆಮನೆಯಲ್ಲಿ ನಡುರಾತ್ರಿ ಹಾಡಿದ್ದರು. ವರ್ಷಗಳ ತರುವಾಯ ಬೇರೊಂದು ಸೆರೆಯಿಂದ, ಬದುಕುವೆನೋ ಸಾಯುವೆನೋ ಎಂಬ ನಿರ್ಣಯವಿಲ್ಲದ ಸ್ಥಿತಿಯಲ್ಲಿ, ಆತನು ಅವರಿಗೆ ಬರೆದ ನಾಲ್ಕೇ ಅಧ್ಯಾಯಗಳ ಈ ಪತ್ರಿಕೆಯು ಸಂತೋಷದ ಮಾತಿನಿಂದ ತುಂಬಿತುಳುಕುತ್ತದೆ. ಆದರೆ ಅದೇ ಪತ್ರಿಕೆಯಲ್ಲಿ ಎಪಫ್ರೊದೀತನೆಂಬ ಗೆಳೆಯನ ವಿಷಯವೂ ಬರುತ್ತದೆ. ಫಿಲಿಪ್ಪಿಯವರ ಕಾಣಿಕೆಯನ್ನು ಹೊತ್ತು ಬಂದು, ಕಾಯಿಲೆ ಬಿದ್ದು, ಸಾವಿನ ಹೊಸ್ತಿಲವರೆಗೆ ಹೋಗಿ ಮರಳಿದವನು ಆತ. ಅವನು ಸತ್ತಿದ್ದರೆ ತನ್ನ ಸಂಕಟವು ಇಮ್ಮಡಿಯಾಗುತ್ತಿತ್ತೆಂದು ಪೌಲನು ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳುತ್ತಾನೆ. ಆನಂದವನ್ನು ಬೋಧಿಸುವ ಗುರುವಿಗೆ ಇದು ಕುಂದೆಂದು ಆತನಿಗೆ ತೋರಲಿಲ್ಲ.

ಇನ್ನೊಂದನ್ನೂ ಗಮನಿಸಬೇಕು. ಆ ಪತ್ರಿಕೆಯ ನಿಮಿತ್ತಗಳಲ್ಲಿ ಒಂದು ಹಣಕಾಸಿನದು: ಬಡವನೂ ಬಂದಿಯೂ ಆದ ಪೌಲನಿಗೆ ದೂರದ ಊರಿನ ಜನರು ಕೈಲಾದುದನ್ನು ಕೂಡಿಸಿ ಕಳಿಸಿದ್ದರು, ಅದಕ್ಕೆ ಬರೆದ ವಂದನೆಯ ಓಲೆ ಅದು. ಒಬ್ಬಂಟಿಯಾಗಿ ಕಣ್ಣುಮುಚ್ಚಿ ಅಂತರಂಗದಲ್ಲಿ ಸವಿಯುವ ವಸ್ತುವಾಗಿ ಆನಂದವು ಅಲ್ಲಿ ಕಾಣಿಸುವುದೇ ಇಲ್ಲ. ಕೊಟ್ಟವರ ಮತ್ತು ಪಡೆದವನ ನಡುವೆ, ರೋಗಿಯ ಮತ್ತು ಶುಶ್ರೂಷಕನ ನಡುವೆ ಅದು ಸಂಚರಿಸುತ್ತಿದೆ. ಐಲೆನ್‌ಬುರ್ಗಿನಲ್ಲಿಯೂ ಹಾಗೆಯೇ. ಮಹಾಮಾರಿಯ ಬೆನ್ನಿಗೆ ಬಂದ ಕ್ಷಾಮವು ಎಂತಹದಾಗಿದ್ದಿತೆಂದರೆ, ಸತ್ತ ಬೆಕ್ಕಿಗಾಗಿಯೋ ಕಾಗೆಗಾಗಿಯೋ ಬೀದಿಯಲ್ಲಿ ಮೂವತ್ತು ನಲವತ್ತು ಮಂದಿ ಹೊಡೆದಾಡುತ್ತಿದ್ದರಂತೆ. ರಿಂಕಾರ್ಟನು ತನ್ನ ಮಕ್ಕಳಿಗೆ ಜೀವಧಾರಣೆಗೆ ಬೇಕಾದಷ್ಟನ್ನು ಮಾತ್ರ ಉಳಿಸಿಕೊಂಡು ಮಿಕ್ಕುದೆಲ್ಲವನ್ನೂ ಹಂಚಿದನು. ಹಸಿದವರ ಗುಂಪು ಆತನ ಬಾಗಿಲನ್ನು ಬಿಟ್ಟು ಕದಲುತ್ತಿರಲಿಲ್ಲ. ಕಡೆಗೆ ಮುಂದಿನ ಹಲವು ವರ್ಷಗಳ ಸಂಬಳವನ್ನು ಅಡವಿಟ್ಟು ಮಕ್ಕಳ ಅನ್ನಬಟ್ಟೆಗಳನ್ನು ಹೊಂದಿಸಬೇಕಾಯಿತು. ಸ್ವೀಡನ್ನಿನ ಸೇನಾಪತಿಯು ಸತ್ತು ಉಳಿದ ಊರಿನಿಂದ 30,000 ಥಾಲರ್ ಕಪ್ಪವನ್ನು ಕೇಳಿದಾಗ, ಮೊದಲು ಒಬ್ಬನೇ ಹೋಗಿ ಬೇಡಿ, ಅದು ಫಲಿಸದೆಹೋಗಲು ಜನರನ್ನು ಕರೆದುಕೊಂಡು ಮೊಣಕಾಲೂರಿ ಪ್ರಾರ್ಥಿಸಿದನೆಂದೂ, ಆಮೇಲೆ ಆ ಮೊತ್ತವು 2,000 ಫ್ಲೋರಿನ್ನಿಗೆ ಇಳಿಯಿತೆಂದೂ ಹೇಳುತ್ತಾರೆ. ಭೋಜನವೇಳೆಯ ಸ್ತುತಿಯನ್ನು ಬರೆದವನಿಗೆ ಪಕ್ಕದ ಮನೆಯಲ್ಲಿ ಭೋಜನವಿಲ್ಲವೆಂಬುದು ಸಹಿಸಲಾಗದ ಸಂಗತಿಯಾಗಿದ್ದಿತು. ಉಜ್ಜೀವನ ಕೂಟದ ಆನಂದಕ್ಕೂ ಇದಕ್ಕೂ ಇರುವ ಅಂತರವನ್ನು ಅಳೆಯುವುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಮಾನದಂಡವು ತೋರದು.

ಅಂದು ಬಂದ ಹಾಡುಗಳು ಅಂದಿಗೇ ಮುಗಿಯಲಿಲ್ಲ. ಅದೇ ಯುದ್ಧದ ಕಾಲದಲ್ಲಿ ಬೆಳೆದು, ತನ್ನ ಐವರು ಮಕ್ಕಳಲ್ಲಿ ನಾಲ್ವರನ್ನು ಎಳವೆಯಲ್ಲಿಯೇ ಕಳೆದುಕೊಂಡ ಪೌಲ್ ಗೆರ್‌ಹಾರ್ಟನ ಗೀತೆಗಳನ್ನು, ಹಿಟ್ಲರನನ್ನು ವಿರೋಧಿಸಿ 1943ರ ಏಪ್ರಿಲಿನಲ್ಲಿ ಬರ್ಲಿನ್ನಿನ ಟೇಗೆಲ್ ಸೆರೆಮನೆಯನ್ನು ಸೇರಿದ ಡೀಟ್ರಿಖ್ ಬಾನ್‌ಹಾಫರನು ಆಸರೆಯಾಗಿ ಹಿಡಿದುಕೊಂಡಿದ್ದನು. ಎರಡು ವರ್ಷಗಳ ತರುವಾಯ ಆತನನ್ನು ಗಲ್ಲಿಗೇರಿಸಿದರು. ಈ ಹಾಡಿನ ಪರಂಪರೆಗೂ ನಮ್ಮ ನಾಡಿಗೂ ನಂಟು ಇಲ್ಲದಿಲ್ಲ: 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನವರು ತಮ್ಮೊಡನೆ ಜರ್ಮನ್ ರಾಗಗಳನ್ನೂ ತಂದರು, ಕರಾವಳಿಯಲ್ಲಿಯೂ ಧಾರವಾಡದ ಸೀಮೆಯಲ್ಲಿಯೂ ಆ ಧಾಟಿಗೆ ಕನ್ನಡದ ನುಡಿ ಕೂಡಿತು. ನಿಘಂಟಿನ ಕಿಟ್ಟೆಲ್ಲರಾದರೋ ಧಾಟಿಯೂ ಇಲ್ಲಿಯದೇ ಇರಲೆಂದು, ಕ್ರಿಸ್ತಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿಯೇ ಹಾಡಿ 1862ರಲ್ಲಿ ‘ಕಥಾಮಾಲೆ’ಯೆಂದು ಪ್ರಕಟಿಸಿದರು. ಇಂದಿಗೂ ಆ ಪ್ರದೇಶದ ಹಳೆಯ ಕ್ರೈಸ್ತ ಮನೆಗಳಲ್ಲಿ ಸಂಜೆಯ ಕುಟುಂಬ ಪ್ರಾರ್ಥನೆಗೆ ಕುಳಿತವರನ್ನು ನೋಡಿದರೆ ನಾನು ಮೇಲೆ ಅಭ್ಯಾಸವೆಂದುದು ಏನೆಂಬುದು ತಿಳಿಯುತ್ತದೆ. ಹುಡುಗರು ಆಕಳಿಸುತ್ತಿರುತ್ತಾರೆ, ಅಜ್ಜಿಯ ಶ್ರುತಿ ಎಲ್ಲಿಯೋ ಹೋಗಿರುತ್ತದೆ, ಆದರೂ ನಡೆಯುತ್ತದೆ.

ಸ್ತುತಿಯು ದುರುಪಯೋಗಕ್ಕೂ ಒಳಗಾದದ್ದುಂಟೆಂಬುದನ್ನು ಮರೆಯತಕ್ಕದ್ದಲ್ಲ. 1757ರ ಡಿಸೆಂಬರಿನಲ್ಲಿ ಲಾಯ್ಟೆನ್ ರಣರಂಗದಲ್ಲಿ ಆಸ್ಟ್ರಿಯನರನ್ನು ಸೋಲಿಸಿದ ಪ್ರಷ್ಯದ ಸೈನಿಕರು ಕತ್ತಲಾಗುತ್ತಿದ್ದಂತೆ ರಿಂಕಾರ್ಟನ ಈ ಹಾಡನ್ನೇ ಎತ್ತಿಕೊಂಡರೆಂದು ಪ್ರಸಿದ್ಧಿ. ಯುದ್ಧದಿಂದ ಬೆಂದವನ ಮನೆಯೊಳಗಿನ ಪ್ರಾರ್ಥನೆಯು ಯುದ್ಧದಲ್ಲಿ ಗೆದ್ದವರ ಜಯಘೋಷವಾಯಿತು. ಗೆದ್ದವರಿಗೆ ಆನಂದವು ಸುಲಭ. ದೇವರ ಹೆಸರನ್ನು ಅದಕ್ಕೆ ಜೋಡಿಸುವುದು ಇನ್ನೂ ಸುಲಭ.

ಇಷ್ಟು ಹೇಳಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಸ್ತುತಿಯನ್ನು ಬರೆದವನು ಬದುಕಿಕೊಂಡನು. 1648ರಲ್ಲಿ ಶಾಂತಿಯ ಒಪ್ಪಂದವಾದುದನ್ನು ಕಂಡು, ಜರ್ಜರಿತನಾಗಿ ಮರುವರ್ಷದ ಡಿಸೆಂಬರಿನಲ್ಲಿ ತೀರಿಕೊಂಡನು. ಆತನು ಹೂಳಿದ ನಾಲ್ಕು ಸಾವಿರ ಮಂದಿ, ಆ ಬಳಿಕ ಯಾವ ವಿಧಿಯೂ ಇಲ್ಲದೆ ಕಂದಕಗಳಿಗೆ ಸೇರಿದ ನಿರಾಶ್ರಿತರು, ಏನು ಹಾಡಿದರೋ ಯಾರೂ ಬರೆದಿಡಲಿಲ್ಲ. ಕೃತಜ್ಞತೆಯ ಹಾಡುಗಳೆಲ್ಲವೂ ಉಳಿದವರ ಹಾಡುಗಳೆಂಬ ಆಕ್ಷೇಪಣೆಗೆ ನನ್ನಲ್ಲಿ ಉತ್ತರವಿಲ್ಲ. ಉತ್ತರವುಂಟೆನ್ನುವ ಉಪದೇಶಕರ ಮಾತು ನನಗೆ ಹಿಡಿಸುವುದೂ ಇಲ್ಲ. ಕೀರ್ತನೆಗಳ ಗ್ರಂಥದಲ್ಲಿ 88ನೆಯದೊಂದುಂಟು. ಇತರ ಗೋಳಿನ ಹಾಡುಗಳಲ್ಲಿ ಹೆಚ್ಚಿನವು ಕಡೆಯಲ್ಲಿ ಹೇಗಾದರೂ ಸ್ತುತಿಗೆ ತಿರುಗಿಕೊಂಡರೆ, ಇದು ತಿರುಗಿಕೊಳ್ಳದೆಯೇ ಮುಗಿದುಬಿಡುತ್ತದೆ. ಗ್ರಂಥವನ್ನು ಸಂಕಲಿಸಿದ ಪ್ರಾಚೀನರು ಇದನ್ನು ತೆಗೆದುಹಾಕಲೂ ಇಲ್ಲ, ಕೊನೆಗೊಂದು ಸಮಾಧಾನದ ವಾಕ್ಯವನ್ನು ಅಂಟಿಸಲೂ ಇಲ್ಲ. ನಮ್ಮ ಸಭೆಗಳ ಭಾನುವಾರದ ಆರಾಧನೆಯಲ್ಲಿ ಇದನ್ನು ಓದಿಸುವ ಸಭಾಪಾಲಕರು ವಿರಳ. ವರ್ಷಕ್ಕೊಮ್ಮೆಯಾದರೂ, ಅದೂ ಸುಗ್ಗಿಯ ಹಬ್ಬದ ಸ್ತುತಿಗಳ ಸಮೀಪದಲ್ಲಿಯೇ, ವ್ಯಾಖ್ಯಾನವಿಲ್ಲದೆ ಓದಿಸಬೇಕೆಂದು ಅವರಲ್ಲಿ ನನ್ನ ಅರಿಕೆ. ಆ ದಿನ ಪೀಠಗಳಲ್ಲಿ ಕುಳಿತವರೊಳಗೆ ಸ್ತೋತ್ರ ಹೇಳಲಾಗದವರು ಒಬ್ಬಿಬ್ಬರಾದರೂ ಇದ್ದೇ ಇರುತ್ತಾರೆ.