ಪುಸ್ತಕ ಭಂಡಾರದಲ್ಲೂ ಬದಲಿ ಕೆಲಸಗಾರರು

ಗಿರಣಿಯಲ್ಲಿ ದುಡಿದವರಿಗೆ ಬದಲಿ ಕೆಲಸವೆಂದರೆ ಏನೆಂದು ನಾವು ವಿವರಿಸಬೇಕಾಗಿಲ್ಲ. ಯಂತ್ರ ಅದೇ, ಪಾಳಿ ಅದೇ, ಬೆವರೂ ಅದೇ. ಹೆಸರು ಮಾತ್ರ ಖಾಯಂ ಪಟ್ಟಿಯಲ್ಲಿಲ್ಲ. ಈ ಪದ್ಧತಿ ಅಮೆರಿಕದ ದೊಡ್ಡ ಪುಸ್ತಕ ಭಂಡಾರಗಳನ್ನೂ ಹೊಕ್ಕಿದೆಯೆಂದರೆ ನಮ್ಮ ಓದುಗರು ಆಶ್ಚರ್ಯಪಡಬಹುದು. ಅಲ್ಲಿನ ಮೂಲನಿವಾಸಿಗಳ ಕಾಗದಪತ್ರಗಳನ್ನು ನೋಡಿಕೊಳ್ಳಲು ಹೊಸದಾಗಿ ಸೇರುವ ಯುವಕ ಯುವತಿಯರನ್ನು ಎರಡು ವರ್ಷ, ಮೂರು ವರ್ಷದ ಕರಾರಿನ ಮೇಲೆ ಇಟ್ಟುಕೊಂಡು, ಮುಗಿದೊಡನೆ ಬೀಳ್ಕೊಡುವುದು ಅಲ್ಲಿ ಅಪರೂಪವಲ್ಲ. ಇದು ಆ ಯುವಕರ ಅನ್ನದ ಪ್ರಶ್ನೆ ಹೌದು. ಆದರೆ ಅದಕ್ಕಿಂತ ಹೆಚ್ಚಾಗಿ ಆ ಕಾಗದಗಳಿಗೆ ಹಕ್ಕುದಾರರಾದ ಜನಗಳ ಪ್ರಶ್ನೆಯೆಂದು ನಾವು ಹೇಳುತ್ತೇವೆ.

ಮೂಲನಿವಾಸಿಗಳೆಂದರೆ ನಮ್ಮ ಶಾಲೆಗಳಲ್ಲಿ ‘ರೆಡ್ ಇಂಡಿಯನ್ನರು’ ಎಂದು ಹೇಳಿಕೊಟ್ಟ ಜನ. 1492ರಲ್ಲಿ ನಮ್ಮ ಕಡೆಗೆಂದು ಹೊರಟ ಕೊಲಂಬಸ್ ಇನ್ನೆಲ್ಲಿಗೋ ಹೋಗಿ ಮುಟ್ಟಿ, ನಮ್ಮ ಹೆಸರನ್ನು ಅವರಿಗೆ ಅಂಟಿಸಿದ. ಗ್ರಂಥಾಲಯಗಳ ಪಟ್ಟಿಗಳೂ ಅದೇ ಹೆಸರನ್ನು ಬಹುಕಾಲ ಹೊತ್ತು ನಡೆದವು!

ಶಿಕಾಗೋ ನಗರವನ್ನು ಕಾರ್ಮಿಕರಾದ ನಾವು 1886ರ ಮೇ ತಿಂಗಳಿನಿಂದ ಬಲ್ಲೆವು. ಅದರ ಮರುವರ್ಷವೇ, 1887ರಲ್ಲಿ, ಅಲ್ಲಿ ನ್ಯೂಬೆರಿ ಗ್ರಂಥಾಲಯ ಸ್ಥಾಪನೆಯಾಯಿತು. ಪುಸ್ತಕವನ್ನು ಮನೆಗೆ ಕೊಡುವುದಿಲ್ಲ. ಅಲ್ಲೇ ಕುಳಿತು ಓದಲು ಹಣವನ್ನೂ ಕೇಳುವುದಿಲ್ಲ. ಅದರ ಮುಂದಿನ ಉದ್ಯಾನದಲ್ಲಿ ಒಂದು ಕಾಲಕ್ಕೆ ನಮ್ಮ ಪಂಥದ ಭಾಷಣಕಾರರು ಪೆಟ್ಟಿಗೆಯ ಮೇಲೆ ನಿಂತು ಗಂಟಲು ಹರಿದುಕೊಳ್ಳುತ್ತಿದ್ದರೆಂಬುದು ಬೇರೆ ಮಾತು. 1911ರಲ್ಲಿ ಎಡ್ವರ್ಡ್ ಏಯರ್ ಎಂಬ ಸಾಹುಕಾರ ಸುಮಾರು 17,000 ಪುಸ್ತಕ, ಹಸ್ತಪ್ರತಿಗಳನ್ನು ಈ ಗ್ರಂಥಾಲಯಕ್ಕೆ ದಾನವಾಗಿ ಕೊಟ್ಟ. ಬಹುಪಾಲು ಮೂಲನಿವಾಸಿಗಳಿಗೆ ಸಂಬಂಧಿಸಿದವು. ಈತ ಹಣ ಮಾಡಿದ್ದು ರೈಲು ಕಂಬಿಯಡಿ ಹಾಸುವ ಮರದ ತೊಲೆಗಳನ್ನು ರೈಲು ಕಂಪನಿಗಳಿಗೆ ಮಾರಿ. ಯಾರ ನೆಲವನ್ನು ಸೀಳಿ ರೈಲು ಹಾಯಿತೋ ಅವರ ಪುಸ್ತಕಗಳನ್ನು ಆ ರೈಲಿನ ಲಾಭದಿಂದಲೇ ಕೊಂಡದ್ದಾಯಿತು. ಕೊಳ್ಳದೆ ಹೋಗಿದ್ದರೆ ಎಷ್ಟೋ ಹಾಳಾಗುತ್ತಿದ್ದವು ಎಂಬುದನ್ನೂ ನಾವು ಒಪ್ಪುತ್ತೇವೆ. ಗ್ವಾಟೆಮಾಲಾದ ಕಿಚೆ ಜನರ ಪವಿತ್ರ ಗ್ರಂಥ ‘ಪೊಪೊಲ್ ವುಹ್’; 18ನೇ ಶತಮಾನದ ಆರಂಭದಲ್ಲಿ ಹಿಮೆನೆಸ್ ಎಂಬ ಪಾದ್ರಿ ನಕಲು ಮಾಡಿದ ಅದರ ಪ್ರತಿ ಕೈಯಿಂದ ಕೈಗೆ ದಾಟಿ ಇಂದು ಇರುವುದು ಇದೇ ಶಿಕಾಗೋದಲ್ಲಿ. ಕಿಚೆ ರೈತನೊಬ್ಬ ಅದನ್ನು ನೋಡಬೇಕಾದರೆ ಎಷ್ಟು ಗಡಿಗಳನ್ನು ದಾಟಬೇಕು, ಲೆಕ್ಕ ಹಾಕಿ.

ಹಳೆಯ ಕಾಗದದಿಂದ ಹೊಟ್ಟೆ ತುಂಬುವುದೇ ಎಂದು ಕೇಳುವವರು ಒಮ್ಮೆ ತಾಲ್ಲೂಕು ಕಛೇರಿಯ ರೆಕಾರ್ಡು ಕೋಣೆಯನ್ನು ನೆನೆಯಲಿ. ಶಿಕಾಗೋ ಇರುವ ಇಲಿನಾಯ್ ಸಂಸ್ಥಾನದಲ್ಲೇ ನಡೆದದ್ದನ್ನು ಹೇಳುತ್ತೇವೆ. 1829ರ ಒಪ್ಪಂದದಲ್ಲಿ ಪೊಟವಾಟಮಿ ನಾಯಕ ಶಬೆನೇ ಮತ್ತು ಅವನ ಜನರಿಗೆ 1,280 ಎಕರೆ ನೆಲವನ್ನು ಕಾದಿರಿಸಲಾಗಿತ್ತು. 1849ರ ಹೊತ್ತಿಗೆ ಆತ ಬಂಧುಗಳನ್ನು ಕಾಣಲು ಕ್ಯಾನ್ಸಾಸಿಗೆ ಹೋಗಿದ್ದಾಗ ಸರ್ಕಾರ ಅದನ್ನು ಹರಾಜು ಹಾಕಿತು. ಆ ಒಪ್ಪಂದದ ಕಾಗದವನ್ನು ಹಿಡಿದು ತಲೆಮಾರುಗಳು ಬಡಿದಾಡಿದ ಮೇಲೆ, 2024ರ ಏಪ್ರಿಲಿನಲ್ಲಿ ಅದರಲ್ಲಿ 130 ಎಕರೆಯನ್ನು ಸರ್ಕಾರ ಆ ಜನಾಂಗದ ನೆಲವೆಂದು ಮತ್ತೆ ಮಾನ್ಯ ಮಾಡಿತು.

ಭಾಷೆಯ ಮಾತೂ ಹೀಗೆಯೇ. ಮಸಾಚುಸೆಟ್ಸಿನ ವಾಂಪನೋಗ್ ಜನರ ನುಡಿಯನ್ನು ನೂರು ವರ್ಷಕ್ಕೂ ಮೇಲ್ಪಟ್ಟು ಯಾರೂ ಆಡಿರಲಿಲ್ಲ. 1993ರಿಂದ ಆ ಜನಾಂಗದ ಜೆಸ್ಸಿ ಲಿಟಲ್ ಡೋ ಬೇರ್ಡ್ ಎಂಬ ಹೆಣ್ಣುಮಗಳು ಹಳೆಯ ಜಮೀನು ಪತ್ರ, ಉಯಿಲು ಮತ್ತು 1663ರಲ್ಲಿ ಅಚ್ಚಾದ ಬೈಬಲನ್ನು ಇಟ್ಟುಕೊಂಡು ಅದನ್ನು ಮತ್ತೆ ಬಾಯಿಗೆ ತಂದಳು. ಆ ಬೈಬಲಿನ ಮೊಳೆ ಜೋಡಿಸಿದವರಲ್ಲಿ ನಿಪ್ಮಕ್ ಜನಾಂಗದ ಒಬ್ಬ ಮುದ್ರಣ ಕೆಲಸಗಾರನೂ ಇದ್ದ. ಪಾದ್ರಿಯ ಹೆಸರು ಎಲ್ಲರಿಗೂ ಗೊತ್ತು.

ಇಂಥ ಕಾಗದಗಳ ನಡುವೆ ಹೊಸ ಗ್ರಂಥಪಾಲಕನ ಕೆಲಸವೇನು? ಧೂಳು ಕೊಡವಿ ಚೀಟಿ ಅಂಟಿಸುವುದಷ್ಟೇ ಅಲ್ಲ. ಯಾವ ಚಿತ್ರ ಯಾವ ಜನಾಂಗದ್ದು, ಯಾವುದನ್ನು ಹೊರಗಿನವರಿಗೆ ತೋರಿಸಬಾರದು ಎಂದು ಆ ಜನರನ್ನೇ ಕೇಳಿ ತಿಳಿಯಬೇಕು. ಮೂಲನಿವಾಸಿಗಳೂ ದಾಖಲೆಪಾಲಕರೂ 2006ರಲ್ಲಿ ಕೂಡಿ ಇದಕ್ಕೆ ನಿಯಮಗಳನ್ನು ಬರೆದರು. ಅಮೆರಿಕದ ದಾಖಲೆಪಾಲಕರ ಸಂಘ ಅದಕ್ಕೆ ಒಪ್ಪಿಗೆ ಕೊಟ್ಟದ್ದು 2018ರಲ್ಲಿ. ಹನ್ನೆರಡು ವರ್ಷ! ನಿಯಮ ಬಂದ ಮೇಲೂ ಅದನ್ನು ನಡೆಸುವುದು ಮನುಷ್ಯನೇ. ಹಿರಿಯರ ಮನೆಗೆ ಹೋಗಬೇಕು, ಕೂರಬೇಕು, ಮತ್ತೆ ಹೋಗಬೇಕು. ಮಂಡಿಯ ವ್ಯಾಪಾರಿಗಳಿಗೆ ಇದು ಸುಲಭವಾಗಿ ತಿಳಿಯುತ್ತದೆ. ಎರಡು ವರ್ಷಕ್ಕೊಮ್ಮೆ ಗುಮಾಸ್ತನನ್ನು ಬದಲಿಸುವ ಅಂಗಡಿಯಲ್ಲಿ ಉದ್ರಿ ಗಿರಾಕಿಯ ಮುಖ ನೆನಪಿಡುವವರಾರು? ಕಿರ್ದಿಯಲ್ಲಿ ಬರೆಯದ ಎಷ್ಟೋ ಲೆಕ್ಕ ಗುಮಾಸ್ತನ ತಲೆಯಲ್ಲಿರುತ್ತದೆ. ಮೂರನೆಯ ಹೊಸಬ ಬಂದು ಅದೇ ಪ್ರಶ್ನೆ ಕೇಳಿದಾಗ ಹಿರಿಯರು ಬಾಗಿಲು ಹಾಕಿಕೊಂಡರೆ ತಪ್ಪು ಅವರದಲ್ಲ.

ಬೇರು ಬಿಡಲು ಸ್ಥಳವಿದ್ದರೆ ಏನಾಗುತ್ತದೆಂಬುದಕ್ಕೂ ಉದಾಹರಣೆಯಿದೆ. ಕೆನಡಾದ ಮೊಹಾಕ್ ಜನಾಂಗದ ಬ್ರಯನ್ ಡಿಯರ್ ಎಂಬ ಗ್ರಂಥಪಾಲಕ 1974–76ರಲ್ಲಿ, ಮೂಲನಿವಾಸಿಗಳದೇ ಸಂಸ್ಥೆಯೊಂದರಲ್ಲಿದ್ದಾಗ, ತನ್ನವರ ಪುಸ್ತಕಗಳಿಗೆ ಹೊಸ ವರ್ಗೀಕರಣವನ್ನೇ ಕಟ್ಟಿದ. ಅಮೆರಿಕದ ಕಾಂಗ್ರೆಸ್ ಗ್ರಂಥಾಲಯದ ಕ್ರಮದಲ್ಲಿ ಬದುಕಿರುವ ಜನಾಂಗಗಳನ್ನೆಲ್ಲ ಇತಿಹಾಸದ ಕಪಾಟಿಗೆ ಸೇರಿಸಿದ್ದರು. ಡಿಯರನ ಕ್ರಮದಲ್ಲಿ ನೆರೆಯ ಜನಾಂಗಗಳು ನೆರೆಯಲ್ಲೇ ನಿಂತವು. ವ್ಯಾಂಕೂವರಿನ ವಿಶ್ವವಿದ್ಯಾಲಯದಲ್ಲಿ ಅದು, ಕೆಲವು ಮಾರ್ಪಾಡುಗಳೊಡನೆ, ಇಂದಿಗೂ ಬಳಕೆಯಲ್ಲಿದೆ.

ಆಡಳಿತಗಾರರ ಸಮಾಧಾನ ನಮಗೆ ಗೊತ್ತು: ಹಣ ದತ್ತಿ ಸಂಸ್ಥೆಗಳದು, ಅದು ಇರುವಷ್ಟು ದಿನ ಕೆಲಸ, ಹೊಸಬರಿಗೆ ಬಾಗಿಲಾದರೂ ತೆರೆಯಿತಲ್ಲ. ಬಾಗಿಲು ತೆರೆದದ್ದು ನಿಜ. ಆದರೆ ಸ್ನಾತಕೋತ್ತರ ಪದವಿಗೆಂದು ಸಾಲ ಮಾಡಿಕೊಂಡು ಬಂದ ಮೂಲನಿವಾಸಿ ಹುಡುಗಿಯನ್ನು ಎರಡು ವರ್ಷಕ್ಕೆ ಅದೇ ಬಾಗಿಲಿನಿಂದ ಹೊರಗೆ ಕಳಿಸುವುದಾದರೆ, ತೆರೆದದ್ದು ಯಾರಿಗಾಗಿ? ಕಟ್ಟಡಕ್ಕೆ, ಕಪಾಟಿಗೆ, ತಂಪು ಯಂತ್ರಕ್ಕೆ ಶಾಶ್ವತ ನಿಧಿ ಇಡುವವರು ಮನುಷ್ಯನ ಮಟ್ಟಿಗೆ ಮಾತ್ರ ತಾತ್ಕಾಲಿಕ ನಿಧಿ ಹುಡುಕುತ್ತಾರೆ.

2018ರಲ್ಲಿ ಲಾಸ್ ಏಂಜಲೀಸಿನ ವಿಶ್ವವಿದ್ಯಾಲಯದ ತಾತ್ಕಾಲಿಕ ದಾಖಲೆಪಾಲಕರು ಈ ಕರಾರು ಪದ್ಧತಿಯ ವಿರುದ್ಧ ಬಹಿರಂಗ ಪತ್ರ ಬರೆದರು. ನ್ಯೂಬೆರಿಯ ನೌಕರರೂ 2022ರ ಹೊತ್ತಿಗೆ ಯೂನಿಯನ್ ಕಟ್ಟಿಕೊಂಡರು, ನಮಗೆ ಸಂತೋಷವಾಯಿತು. ಇಂಥ ಯೂನಿಯನ್ನುಗಳು ಸಂಬಳದ ಜೊತೆಗೆ ಇನ್ನೆರಡು ಬೇಡಿಕೆಗಳನ್ನು ಮುಂದಿಡಬೇಕೆಂದು ನಮ್ಮ ಸಲಹೆ. ಮೂಲನಿವಾಸಿಗಳ ಕಾಗದ ನೋಡುವ ಹುದ್ದೆಗಳೆಲ್ಲ ಖಾಯಂ ಆಗಬೇಕು. ಆ ಹುದ್ದೆಗೆ ಜನರನ್ನು ಆರಿಸುವ ಸಮಿತಿಯಲ್ಲಿ, ಕಾಗದ ಯಾರದೋ ಆ ಜನಾಂಗದ ಹಿರಿಯರಿಗೆ ಕುರ್ಚಿ ಹಾಕಬೇಕು, ದಾರಿ ಖರ್ಚನ್ನೂ ಗ್ರಂಥಾಲಯವೇ ಕೊಡಬೇಕು.