ಅಪ್ಪಂದಿರೇ, ಮಗನ ಕಾಲು ನೆಲಕ್ಕೆ ಮುಟ್ಟುತ್ತದೇನು?

ಮೊನ್ನೆ ಬೆಳಿಗ್ಗೆ ಜವಳಗೇರಾ ಬಸ್‌ಸ್ಟಾಪಿನ ಚಹಾದಂಗಡಿಯಲ್ಲಿ ಸಿಂಧನೂರು ಬಸ್ಸು ಕಾಯುತ್ತಾ ಕೂತಿದ್ದೆ. ಪಕ್ಕದ ಬೆಂಚಿನ ಮೇಲೆ ಅಪ್ಪ-ಮಗ. ಭತ್ತ ಮಾರಿದ ರೊಕ್ಕ ಕೈಗೆ ಬಂದಿದೆ, ಮಗನಿಗೆ ಹದಿನೆಂಟು ತುಂಬಿದೆ. ಇನ್ನೇನು ಮಾತು? ಗಾಡಿ ಮಾತು.

"ಯಪ್ಪಾ, ಕೊಡಿಸಿದ್ರ ಅದನ್ನ ಕೊಡಸು, ಇಲ್ಲಾಂದ್ರ ಬ್ಯಾಡ. ನೂರು ಸಿಸಿ ಗಾಡಿ ಮ್ಯಾಲ ಕಾಲೇಜಿಗೆ ಹೋದ್ರ ಹುಡುಗ್ರು ನಗ್ತಾರ."

"ನೀ ಹೇಳಾದು ಎಷ್ಟು ಸಿಸಿ ಐತೋ?"

"ಇನ್ನೂರಾ ಇಪ್ಪತ್ತು."

ಅಪ್ಪ ನನ್ನ ಕಡೆ ತಿರುಗಿ, "ಒಬ್ಬನೇ ಮಗ ಅದಾನ್ರಿ. ಪೇಪರಿನವ್ರು ನೀವು, ನೀವೇ ಹೇಳ್ರಿ, ಯಾವುದು ತಗೊಳ್ಳಾಣು?" ಅಂದ. ಅಷ್ಟರಲ್ಲಿ ಬಸ್ಸು ಬಂತು. ಕಿಟಕಿಯಲ್ಲಿ ತಲೆ ಹಾಕಿ ಹೇಳುವ ಮಾತಲ್ಲ ಅದು. ಆದ್ದರಿಂದ ಉತ್ತರ ಇಲ್ಲಿ ಬರೆಯುತ್ತಿದ್ದೇನೆ. ಒಬ್ಬನೇ ಮಗ ಇರುವವರೂ ಓದಲಿ, ನಾಲ್ವರು ಇರುವವರೂ ಓದಲಿ.

ಸ್ವಾಮಿ, ಮೊದಲ ಗಾಡಿ ಎಷ್ಟು ಜೋರು ಓಡುತ್ತದೆ ಎಂದು ಕೇಳಬೇಡಿ. ಅದನ್ನು ನಿಮ್ಮ ಮಗ ನಿಲ್ಲಿಸಬಲ್ಲನೇ ಎಂದು ಕೇಳಿ. ಓಡಿಸಲು ಬಲಗೈ ತಿರುವಿದರೆ ಸಾಕು. ನಿಲ್ಲಿಸಲು ಕೈ, ಕಾಲು, ಕಣ್ಣು, ತಲೆ ನಾಲ್ಕೂ ಬೇಕು.

ನಮ್ಮ ರಾಯಚೂರು–ಸಿಂಧನೂರು ರಸ್ತೆ ಎಂಥದ್ದೆಂದು ದಿನಾ ಬಸ್ಸಿನಲ್ಲಿ ಓಡಾಡುವವರಿಗೆ ನಾನು ಹೇಳಬೇಕೇ? ತುಂಗಭದ್ರಾ ಎಡದಂಡೆ ಕಾಲುವೆಯ ಪುಣ್ಯದಿಂದ ಇದು ಭತ್ತದ ನಾಡು. ಸುಗ್ಗಿ ಬಂತೆಂದರೆ ರಸ್ತೆಯೇ ಕಣ. ಅರ್ಧ ರಸ್ತೆಗೆ ಭತ್ತ, ಅದರ ಅಂಚಿಗೆ ಸಾಲು ಕಲ್ಲು. ಕತ್ತಲಾದರೆ ಹಿಂದೆ ದೀಪವಿಲ್ಲದ ಟ್ರ್ಯಾಕ್ಟರ್ ಟ್ರಾಲಿ. ಒಂದು ಹನಿ ಮಳೆ ಬಿದ್ದರೆ ಟ್ರ್ಯಾಕ್ಟರ್ ಗಾಲಿಯಿಂದ ಉದುರಿದ ಎರೆಮಣ್ಣು ಡಾಂಬರಿನ ಮೇಲೆ ಬೆಣ್ಣೆ ಸವರಿದ ಹಾಗೆ. ಕ್ಯಾಂಪಿನ ಅಡ್ಡರಸ್ತೆಯಿಂದ ಯಾವಾಗ ಯಾರು ನುಗ್ಗುತ್ತಾರೋ ದೇವರಿಗೇ ಗೊತ್ತು. ಜಾಹೀರಾತಿನಲ್ಲಿ ಕಾಣುವ ಕನ್ನಡಿಯಂಥ ಖಾಲಿ ರಸ್ತೆ ನಮ್ಮ ತಾಲೂಕಿನಲ್ಲಿ ಎಲ್ಲಿದೆ?

ಊರ ಮಾತು ಯಾಕೆ, ನನ್ನ ಕತೆಯನ್ನೇ ಕೇಳಿ. ಪಿಯುಸಿ ಎರಡನೇ ವರ್ಷ. ಸೋದರಮಾವನ ಮಗನ ದೊಡ್ಡ ಗಾಡಿ ಕೇಳಿ ತಂದಿದ್ದೆ. ಕೂತರೆ ಬೆರಳ ತುದಿಯಷ್ಟೇ ನೆಲಕ್ಕೆ ತಾಗುತ್ತಿತ್ತು. ಓಡುವಾಗ ಏನೂ ಆಗಲಿಲ್ಲ. ಭತ್ತ ಒಣಹಾಕಿದ ಕಡೆ ಕುರಿಯೊಂದು ಅಡ್ಡ ಬಂತು. ಗಾಬರಿಯಲ್ಲಿ ಮುಂದಿನ ಬ್ರೇಕ್ ಗಟ್ಟಿ ಹಿಡಿದೆ. ಕಾಳಿನ ಮೇಲೆ ಗಾಲಿ ಜಾರಿತು. ಕಾಲು ಊರಲು ಹೋದೆ, ನೆಲ ಸಿಗಲಿಲ್ಲ. ಅಷ್ಟು ಭಾರದ ಗಾಡಿ ಮೊಣಕಾಲ ಮೇಲೆ ಬಿತ್ತು. ಮೂರು ತಿಂಗಳು ಮಂಚ. ಅಪ್ಪ ಎರಡು ಎಕರೆ ಲೀಸಿಗೆ ಹಾಕಿ ಆಸ್ಪತ್ರೆ ಬಿಲ್ಲು ಕಟ್ಟಿದ. ಪರೀಕ್ಷೆ ತಪ್ಪಿತು, ನಾನು ಮತ್ತೆ ಕಾಲೇಜಿನ ಮೆಟ್ಟಿಲು ಹತ್ತಲಿಲ್ಲ. ಕುರಿ ಮಾತ್ರ ಆರಾಮಾಗಿ ಹೋಯಿತು!

ಹಾಗಾದರೆ ಯಾವ ಗಾಡಿ? ಮೊದಲು ಹುಡುಗನನ್ನು ಅಂಗಡಿಯಲ್ಲೇ ಗಾಡಿ ಮೇಲೆ ಕೂರಿಸಿ. ಎರಡೂ ಪಾದ ನೆಲಕ್ಕೆ ಊರಬೇಕು. ಕೆಳಗಿಳಿದು ಗಾಡಿಯನ್ನು ಹತ್ತು ಹೆಜ್ಜೆ ಹಿಂದಕ್ಕೆ ತಳ್ಳಲಿ, ಸ್ಟ್ಯಾಂಡ್ ಹಾಕಿ ತೆಗೆಯಲಿ. ಇದರಲ್ಲೇ ಏದುಸಿರು ಬಂದರೆ ಆ ಗಾಡಿ ಅವನದಲ್ಲ.

ಎರಡನೆಯದು ತೂಕ ಮತ್ತು ಶಕ್ತಿ. ನಮ್ಮ ಕಡೆ ಮನೆಮನೆಯಲ್ಲಿರುವ ಸ್ಪ್ಲೆಂಡರ್ 97 ಸಿಸಿ, ತೂಕ 112 ಕೆ.ಜಿ. ಆಸುಪಾಸು, ಶಕ್ತಿ ಸುಮಾರು 8 ಅಶ್ವಶಕ್ತಿ. ಇನ್ನೂರು ದಾಟಿದ ಸಿಸಿಯವು 150–160 ಕೆ.ಜಿ. ತೂಗುತ್ತವೆ, ಶಕ್ತಿ 20ರ ಮೇಲೆ. ಹೊಸದಾಗಿ ಹೊಲಕ್ಕಿಳಿದ ಹುಡುಗನ ಕೈಗೆ ಯಾರಾದರೂ ಸೊಕ್ಕಿದ ಹೋರಿ ಕೊಡುತ್ತಾರೆಯೇ? ಪಳಗಿದ ಎತ್ತು ಕೊಡುತ್ತಾರೆ. 100ರಿಂದ 125 ಸಿಸಿ ಗಾಡಿ ಪಳಗಿದ ಎತ್ತು. ಎರಡು ವರ್ಷ ಅದರ ಮೇಲೆ ಕಲಿಯಲಿ, ಆಮೇಲೆ ದೊಡ್ಡದರ ಮಾತು.

ವೇಗ ಎರಡು ಪಟ್ಟಾದರೆ ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟಾಗುತ್ತದೆ. 80 ಕಿ.ಮೀ. ವೇಗದಲ್ಲಿ ಕಣ್ಣಿಗೆ ಕಂಡು ಕೈ ಬ್ರೇಕಿಗೆ ಹೋಗುವ ಒಂದು ಸೆಕೆಂಡಿನಲ್ಲೇ ಗಾಡಿ 22 ಮೀಟರ್ ಹೋಗಿರುತ್ತದೆ. ಅಷ್ಟರೊಳಗೆ ಟ್ರಾಲಿ ಎದೆಗೆ ಬಂದಿರುತ್ತದೆ.

ಮೂರನೆಯದು ಬ್ರೇಕು. 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಹೊಸ ಗಾಡಿಗೆ ಎಬಿಎಸ್ ಕಡ್ಡಾಯವಾಯಿತು. ಅದಕ್ಕಿಂತ ಚಿಕ್ಕವಕ್ಕೆ ಅದು, ಇಲ್ಲವೇ ಎರಡೂ ಗಾಲಿಯ ಬ್ರೇಕ್ ಕೂಡಿ ಹಿಡಿಯುವ ಸಿಬಿಎಸ್. ನಾಲ್ಕು ಸಾವಿರ ಹೆಚ್ಚು ಕೊಡುವುದಿದ್ದರೆ ಬಣ್ಣದ ಸ್ಟಿಕ್ಕರಿಗೆ ಕೊಡಬೇಡಿ, ಮುಂದಿನ ಡಿಸ್ಕ್ ಬ್ರೇಕಿಗೆ ಕೊಡಿ. ಸೆಕೆಂಡ್ ಹ್ಯಾಂಡ್ ಆದರೆ ನಿಮ್ಮ ಮೇಸ್ತ್ರಿಯನ್ನು ಕರೆದುಕೊಂಡೇ ಹೋಗಿ. ಟಯರ್ ಸವೆದಿದೆಯೋ, ಮುಂದಿನ ಫೋರ್ಕ್ ಬಾಗಿದೆಯೋ ಅವನು ನೋಡಲಿ. ಆರ್‌ಸಿ ಯಾರ ಹೆಸರಲ್ಲಿದೆ, ಫೈನಾನ್ಸ್ ಸಾಲ ತೀರಿದೆಯೋ, ಇನ್ಶೂರೆನ್ಸ್ ಚಾಲ್ತಿ ಇದೆಯೋ ನೀವು ನೋಡಿ.

2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಗಾಡಿಗಳ ಜಿಎಸ್‌ಟಿ ನೂರಕ್ಕೆ 28ರಿಂದ 18ಕ್ಕೆ ಇಳಿದಿದೆ. "ಉಳಿದ ರೊಕ್ಕದಾಗ ದೊಡ್ಡದೇ ಬರ್ತೈತಲ್ರಿ" ಅನ್ನುವವರಿದ್ದಾರೆ. ಉಳಿದ ರೊಕ್ಕದಲ್ಲಿ ಐಎಸ್‌ಐ ಗುರುತಿನ ಒಳ್ಳೆ ಹೆಲ್ಮೆಟ್ ಎರಡು ತನ್ನಿ, ಮುಂದಿನವನಿಗೊಂದು, ಹಿಂದಿನವನಿಗೊಂದು. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರದವರು. ಆ ವರ್ಷ ಹೆಲ್ಮೆಟ್ ಇಲ್ಲದೆ ಸತ್ತವರೇ 50 ಸಾವಿರ ದಾಟಿದರು.

ಹಿರಿಯರೊಬ್ಬರು ನಕ್ಕರು: "ನಾವು ಯೆಜ್ಡಿ, ರಾಜದೂತ್ ಹೊಡದವ್ರು. ನಮಗೇನಾತು?" ನಿಜ ಕಾಕಾ. ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಬಾಗಿಲು ಹಾಕಿತು. ಆಗ ಊರಿಗೆ ನಾಲ್ಕು ಗಾಡಿ, ಈಗ ಮನೆಗೆ ಎರಡು. ಹೊಳೆ ಬೇರೆ, ಈಜೂ ಬೇರೆ.

ಇನ್ನು ಹದಿನಾರು, ಹದಿನೇಳರ ಹುಡುಗರ ಕೈಗೆ ಕೀಲಿ ಕೊಡುವ ಅಪ್ಪಂದಿರಿಗೆ ಒಂದು ಮಾತು. ಗೇರಿನ ಗಾಡಿಗೆ 18 ತುಂಬಲೇಬೇಕು. 2019ರ ತಿದ್ದುಪಡಿಯಾದ ಮೇಲೆ ಮಗ ತಪ್ಪು ಮಾಡಿದರೆ ಕಟಕಟೆ ಹತ್ತುವವನು ಅಪ್ಪ ಅಥವಾ ಗಾಡಿಯ ಮಾಲೀಕ: 25 ಸಾವಿರ ದಂಡ, ಮೂರು ವರ್ಷದವರೆಗೆ ಜೈಲು. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ಲೈಸೆನ್ಸ್ ಇಲ್ಲದವನು ಯಾರಿಗಾದರೂ ಗುದ್ದಿದರೆ, ವಿಮಾ ಕಂಪನಿ ಕೊಟ್ಟ ಪರಿಹಾರವನ್ನು ಮಾಲೀಕನಿಂದಲೇ ವಸೂಲಿ ಮಾಡಲು ಕೋರ್ಟು ಹೇಳಬಹುದು. ಹೊಲ ಉಳಿಯುತ್ತದೇನು?

18 ತುಂಬಿದವನೂ ಮೊದಲು ಎಲ್ಎಲ್ ಮಾಡಿಸಲಿ. ಎಲ್ ಬೋರ್ಡ್ ಇರುವಾಗ ಹಿಂದೆ ಕೂರಬೇಕಾದವನು ಕಲಿಸುವವನೊಬ್ಬನೇ, ಗೆಳೆಯರ ದಂಡಲ್ಲ. ಒಂದು ತಿಂಗಳು ಖಾಲಿ ಬಯಲಿನಲ್ಲಿ ಬ್ರೇಕ್ ಹಿಡಿಯುವುದನ್ನೇ ಕಲಿಯಲಿ. ಎರಡೂ ಬ್ರೇಕ್ ಕೂಡಿ, ಮೆಲ್ಲಗೆ ಒತ್ತಿ, ಗಾಡಿ ನೆಟ್ಟಗಿರುವಾಗ. ಕಾಳು, ಕೆಸರು ಕಂಡರೆ ಅದರ ಮೇಲೆ ಹೋಗಿ ಬ್ರೇಕ್ ಹಿಡಿಯುವುದಲ್ಲ, ಮುಂಚೆಯೇ ವೇಗ ಇಳಿಸುವುದು.

ಅಂಗಡಿಯವರೇ, ನಿಮ್ಮದೂ ಪಾಲಿದೆ. ಮೀಸೆ ಚಿಗುರದ ಹುಡುಗರಿಗೆ ಬಾಟಲಿಯಲ್ಲಿ ಪೆಟ್ರೋಲು ಮಾರಬೇಡಿ. ಆಟಿಕೆಯಂಥ ಹೆಲ್ಮೆಟ್ಟು ತೂಗುಹಾಕಬೇಡಿ. ನಿಮ್ಮ ಅಂಗಡಿ ಮುಂದೆ ಬಿದ್ದವನನ್ನು ಎತ್ತಿ ಮೊದಲು ನೀರು ಕುಡಿಸುವವರು ನೀವೇ ಅಲ್ಲವೇ?

ಆ ದಿನ ಬಸ್ಸಿನ ಕಿಟಕಿಯಿಂದ ನೋಡಿದೆ. ಅಪ್ಪ ಇನ್ನೂ ಬೆಂಚಿನ ಮೇಲೇ ಇದ್ದ. ಮಗ ಎದ್ದು ರಸ್ತೆ ಬದಿಗೆ ನಿಂತಿದ್ದ ಯಾರದೋ ದೊಡ್ಡ ಗಾಡಿ ಹತ್ತಿ ಕೂತಿದ್ದ. ಹಿಮ್ಮಡಿ ಎರಡೂ ಗಾಳಿಯಲ್ಲಿದ್ದವು.

ಅಣ್ಣಾ, ನೀ ಕೇಳಿದ್ದಕ್ಕೆ ಇದೇ ನನ್ನ ಉತ್ತರ. ಹುಡುಗರು ನಕ್ಕರೆ ನಗಲಿ ಬಿಡು. ನಾಲ್ಕು ದಿನ ನಕ್ಕು ಸುಮ್ಮನಾಗ್ತಾರ. ಆ ಹಿಮ್ಮಡಿ ನೆಲಕ್ಕೆ ಮುಟ್ಟುವ ಗಾಡಿ ಕೊಡಿಸು.